ರಿಸಲ್ಟ್ ಬಂತು ಸರಿ, ಕನ್ನಡದಲ್ಲಿ ಏನಂತ ಬಂತು?

ಪರೀಕ್ಷೆ ಮುಗಿದ ಮೇಲೆ ಗಡಿಯ ಆಚೆ ಈಚೆ ಎಲ್ಲ ಕನ್ನಡದ ಮನೆಗಳಲ್ಲೂ ಒಂದೇ ಪ್ರಶ್ನೆ: ರಿಸಲ್ಟ್ ಬಂತಾ? ಮನೆ ಹೊರಗೆ ಮಾತ್ರ ಪದ ಬೇರೆ. ಕಾಸರಗೋಡಿನ ನಮ್ಮ ಮಕ್ಕಳ ಕಣ್ಣಿಗೆ ಬೀಳೋದು ಪರೀಕ್ಷಾಫಲಂ. ಹೊಸೂರು, ತಾಳವಾಡಿಯಲ್ಲಿ ಮುಡಿವು. ಅಕ್ಕಲಕೋಟೆ, ಜತ್ತದಲ್ಲಿ ನಿಕಾಲ. ಆದೋನಿ, ಮಡಕಶಿರದಲ್ಲಿ ಫಲಿತಾಲು. ತಮಿಳಿನ ಮುಡಿವು ಅಂದ್ರೆ ಕೊನೆಯೂ ಹೌದು, ತೀರ್ಮಾನವೂ ಹೌದು. ಮರಾಠಿಯಲ್ಲಿ ಕೋರ್ಟಿನ ತೀರ್ಪಿಗೂ ನಿಕಾಲ ಅಂತಲೇ ಹೇಳ್ತಾರೆ.

ಇಂಗ್ಲಿಷಿನ ರಿಸಲ್ಟ್ ಬಂದಿದ್ದು ಲ್ಯಾಟಿನ್ನಿಂದ. ಅಲ್ಲಿ ಮೂಲ ಅರ್ಥ, ಪುಟಿದು ವಾಪಸ್ ಬರೋದು. ಗೋಡೆಗೆ ಹೊಡೆದ ಚೆಂಡಿನ ಹಾಗೆ. ನಮ್ಮ ಫಲಿತಾಂಶದಲ್ಲಿ ಇರೋದು ಫಲ, ಮರದ ಹಣ್ಣು. ಮಾತಿನಲ್ಲಿ ರಿಸಲ್ಟ್ ಅನ್ನೋದಕ್ಕೆ ನಮ್ಮ ತಕರಾರಿಲ್ಲ. ಅದು ಈಗ ಬಸ್ಸು, ಬ್ಯಾಂಕಿನಷ್ಟೇ ನಮ್ಮದು.

ತೊಂದರೆ ಶುರುವಾಗೋದು ಬರವಣಿಗೆಯಲ್ಲಿ. ಇಂಗ್ಲಿಷಿನಲ್ಲಿ ಒಂದೇ ಪದ ಮಾಡೋ ಕೆಲಸವನ್ನು ಕನ್ನಡದಲ್ಲಿ ನಾಲ್ಕೈದು ಪದಗಳು ಹಂಚಿಕೊಂಡಿವೆ. ಪರೀಕ್ಷೆ, ಚುನಾವಣೆಗೆ ಫಲಿತಾಂಶ. ಮಳೆ ಕೈಕೊಟ್ಟು ಬೆಳೆ ಒಣಗಿದರೆ ಅದು ಪರಿಣಾಮ. ಪಟ್ಟ ಪಾಡಿಗೆ ಸಿಕ್ಕಿದ್ದು ಫಲ. ಮದ್ದು ಕೆಲಸ ಮಾಡಿದರೆ ಗುಣ ಕಂಡಿತು ಅಂತೀವಿ, ಫಲಿತಾಂಶ ಬಂತು ಅನ್ನಲ್ಲ. ಲೆಕ್ಕದಲ್ಲಂತೂ ಕೂಡಿದರೆ ಮೊತ್ತ, ಕಳೆದರೆ ವ್ಯತ್ಯಾಸ, ಗುಣಿಸಿದರೆ ಗುಣಲಬ್ಧ, ಭಾಗಿಸಿದರೆ ಭಾಗಲಬ್ಧ. ಒಂದೊಂದಕ್ಕೂ ಒಂದೊಂದು ಹೆಸರು!

ಇದನ್ನು ನೋಡದೆ ಡಿಕ್ಷನರಿ ತೆಗೆದು ಮೊದಲು ಸಿಕ್ಕ ಪದ ಕೂರಿಸಿದರೆ ಏನಾಗುತ್ತೆ? ಹಿಂದಿಯಲ್ಲಿ ಪರೀಕ್ಷಾ ಪರಿಣಾಮ ಅಂದ್ರೆ ಪಾಸೋ ಫೇಲೋ ಅನ್ನೋ ಸುದ್ದಿ. ಅದನ್ನೇ ಕನ್ನಡಕ್ಕೆ ಎತ್ತಿಟ್ಟರೆ, ಪರೀಕ್ಷೆ ಬರೆದು ಮಗುವಿನ ಆರೋಗ್ಯದ ಮೇಲೆ ಏನೋ ಆಯ್ತು ಅಂತ ಅರ್ಥ. ಅದೂ ಅಲ್ಲದೆ, "ಪರಿಣಾಮ ನೆಟ್ಟಗಿರಲ್ಲ" ಅಂತ ಯಾರಾದ್ರೂ ಹೇಳಿದರೆ ನಮ್ಮೂರಲ್ಲಿ ಅದು ಬೆದರಿಕೆ.

ಬ್ಯಾಂಕು, ಕಚೇರಿ ಕಾಗದಗಳ ಕಥೆ ಇನ್ನೊಂದು. ಕೌಂಟರಿನಲ್ಲಿ ಕೂತು ನಾವು ಗ್ರಾಹಕರಿಗೆ "ಕಂತು ಕಟ್ಟದಿದ್ರೆ ದಂಡ ಬೀಳುತ್ತೆ ಯಜಮಾನ್ರೇ" ಅಂತೀವಿ. ಐದು ಪದ, ಓದು ಬಾರದವರಿಗೂ ತಿಳಿಯುತ್ತೆ. ಅದನ್ನೇ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದರೆ "ಕಂತು ಪಾವತಿಸುವಲ್ಲಿನ ವಿಫಲತೆಯು ದಂಡದಲ್ಲಿ ಫಲಿಸುತ್ತದೆ" ಅಂತಾಗುತ್ತೆ. ಅಕ್ಷರ ಕನ್ನಡ, ವಾಕ್ಯ ಯಾರದು? ದಂಡ ಏನು ಮಾವಿನಕಾಯಿಯಾ, ಫಲಿಸೋಕೆ? ಇಂಥ ಕಡೆ ಕನ್ನಡಕ್ಕೆ ಫಲಿತಾಂಶವೂ ಬೇಡ, ಪರಿಣಾಮವೂ ಬೇಡ. ಒಂದು "ಇದ್ರೆ", ಒಂದು "ಹಾಗಾಗಿ", ಒಂದು "ಅದಕ್ಕೇ" ಸಾಕು.

ಕರ್ನಾಟಕದ ಒಳಗಿನ ಮಗುವಿಗೆ ಇಂಥ ವಾಕ್ಯ ಸಿಕ್ಕರೆ ಸುತ್ತ ಸರಿಯಾದ ಕನ್ನಡ ಬೇಕಾದಷ್ಟಿದೆ. ಗಡಿಯಾಚೆ ಹಾಗಲ್ಲ. ನಮ್ಮ ಎಷ್ಟೋ ಮಕ್ಕಳಿಗೆ ಬರಹದ ಕನ್ನಡ ಅಂದ್ರೆ ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ ಎರಡೇ. ಅಲ್ಲಿನ ವಾಕ್ಯವೇ ಸೊಟ್ಟಗಿದ್ದರೆ ಮಗು ಅನುವಾದವನ್ನು ಬೈಯಲ್ಲ, "ಕನ್ನಡ ಕಷ್ಟ" ಅಂತ ತೀರ್ಮಾನಿಸುತ್ತೆ. ಅಪ್ಪ ಅಮ್ಮ ಮುಂದಿನ ವರ್ಷ ಮಾಧ್ಯಮ ಬದಲಿಸ್ತಾರೆ. ಆಮೇಲೆ ಕನ್ನಡ ವಿಭಾಗಕ್ಕೆ ಮಕ್ಕಳಿಲ್ಲ ಅಂತ ಲೆಕ್ಕ ತೋರಿಸೋದು ಸುಲಭ.

ಸಂವಿಧಾನದ 350ಎ ವಿಧಿ, 1956ರ ತಿದ್ದುಪಡಿಯಲ್ಲಿ ಸೇರಿದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತೆ. ಕಟ್ಟಡ, ಮೇಷ್ಟ್ರು ಇವೆಲ್ಲ ಸೌಲಭ್ಯವೇ. ಮಗುವಿಗೆ ಅರ್ಥವಾಗುವ ಪ್ರಶ್ನೆಯೂ ಸೌಲಭ್ಯವೇ ಅಂತ ನಾವು ಕೇಳ್ತಿದ್ದೇವೆ.

ಪ್ರಶ್ನೆಪತ್ರಿಕೆ ಅನುವಾದಿಸುವ ಮೇಷ್ಟ್ರುಗಳಲ್ಲಿ ನಮ್ಮ ವಿನಂತಿ ಇಷ್ಟೇ: ಅಚ್ಚಿಗೆ ಕಳಿಸೋ ಮುಂಚೆ ಒಮ್ಮೆ ಇಂಗ್ಲಿಷ್ ಪ್ರತಿ ಮುಚ್ಚಿಟ್ಟು, ಕನ್ನಡದ್ದನ್ನು ಮಾತ್ರ ಜೋರಾಗಿ ಓದಿ ನೋಡಿ.