ಗಂಡುಮರಿ ಮನೆಗೆ, ಹೆಣ್ಣುಮರಿ ಗಡಿಗೆ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿ, ಅದರಾಚೆಯ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳು ಕುರಿಗಾಹಿಗಳ ಸೀಮೆ. ಅಲ್ಲಿ ಹಟ್ಟಿ ಕಾಯುವ ನಾಯಿಯನ್ನು ಅಂಗಡಿಯಲ್ಲಿ ಕೊಳ್ಳುವ ರೂಢಿಯಿಲ್ಲ. ಪರಿಚಿತರಲ್ಲಿ ಮರಿ ಹುಟ್ಟಿದಾಗ ಒಂದನ್ನು ಎತ್ತಿ ತರುತ್ತಾರೆ. ನಮ್ಮ ಮಲೆನಾಡಿನ ಪದ್ಧತಿಯೂ ಇದೇ. ದತ್ತು ಎಂಬ ಮಾತು ನಗರದಿಂದ ಬಂದಿರಬಹುದು, ಆಚರಣೆ ಹಳ್ಳಿಯದು. ಆದರೆ ಅದರ ಇನ್ನೊಂದು ಮುಖದ ಬಗ್ಗೆ ನಾವು ಬಾಯಿ ಬಿಡುವುದಿಲ್ಲ. ಮನೆಗೆ ಬರುವುದು ಬಹುಪಾಲು ಗಂಡುಮರಿ. ಹೆಣ್ಣುಮರಿಗಳು ಗೋಣಿಚೀಲದಲ್ಲಿ ಊರ ಗಡಿಗೋ, ಸಂತೆ ಮಾಳಕ್ಕೋ, ಕಾಡಂಚಿನ ರಸ್ತೆಗೋ ಹೋಗುತ್ತವೆ.

ಹಾಗೆ ಎಸೆದವುಗಳಲ್ಲಿ ಹೆಚ್ಚಿನವು ಸಾಯುತ್ತವೆ. ಬದುಕುಳಿದ ಹೆಣ್ಣು ವರ್ಷದ ಆಸುಪಾಸಿನಲ್ಲಿ ಬೆದೆಗೆ ಬರುತ್ತದೆ, ಸುಮಾರು 63 ದಿನಗಳಲ್ಲಿ ಈಯುತ್ತದೆ. ಬೀದಿನಾಯಿಗಳ ಕಾಟವೆಂದು ಪಂಚಾಯಿತಿಗೆ ಮನವಿ ಬರೆಯುವವರು ಈ ಲೆಕ್ಕವನ್ನು ಮೊದಲು ತಮ್ಮ ಅಂಗಳದಲ್ಲೇ ಹಾಕಬೇಕು.

ಹಸಿದ ಹಿಂಡು ಊರೊಳಗೇ ನಿಲ್ಲುವುದೂ ಇಲ್ಲ. ಹರಪನಹಳ್ಳಿಯ ನೆರೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅಭಯಾರಣ್ಯ ಕೊಂಡುಕುರಿಗಾಗಿಯೇ ಮೀಸಲಾದುದು. ಅಂಥ ಪುಟ್ಟ ಪ್ರಾಣಿಗೆ ನಾಯಿಗಳ ಹಿಂಡೂ ಚಿರತೆಗೆ ಸಮ. ನಮ್ಮ ಘಟ್ಟದ ಸೀಳುನಾಯಿಗೂ ರೇಬೀಸ್, ಡಿಸ್ಟೆಂಪರ್ ರೋಗಗಳು ಸಾಕುನಾಯಿಯಂತೆಯೇ ತಗಲುತ್ತವೆ. 2018ರಲ್ಲಿ ಗಿರ್ ಅರಣ್ಯದಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಹಲವುಗಳಲ್ಲಿ ಪತ್ತೆಯಾದದ್ದು ಇದೇ ಡಿಸ್ಟೆಂಪರ್ ವೈರಾಣು. ಹೀಗಿರುವಾಗ ನಾಯಿಮರಿಯ ಚೀಲವನ್ನು ಕಾಡಂಚಿಗೆ ಒಯ್ಯುವುದು ಯಾವ ಧರ್ಮ?

ಇತ್ತ ಉಳ್ಳವರು ಸಾವಿರಾರು ರೂಪಾಯಿ ತೆತ್ತು ಹಸ್ಕಿ, ಪಗ್ ತರುತ್ತಾರೆ. ಸೈಬೀರಿಯಾದ ಹಿಮಕ್ಕೆ ಒಗ್ಗಿದ ತುಪ್ಪಳವನ್ನು ಬಯಲುಸೀಮೆಯ ಬೇಸಿಗೆಯಲ್ಲಿ ಬೇಯಿಸುವುದು ಪ್ರಾಣಿಪ್ರೀತಿಯಲ್ಲ. ಚಪ್ಪಟೆ ಮೂತಿಯ ಪಗ್ಗಿಗೆ ಸೆಕೆಯಲ್ಲಿ ಉಸಿರಾಟವೇ ಕಷ್ಟ. ಬೀದಿಯ ಮರಿ ನೂರಾರು ತಲೆಮಾರುಗಳಿಂದ ಇದೇ ಬಿಸಿಲು, ಇದೇ ಮಳೆಗೆ ಹದಗೊಂಡದ್ದು. ಬಿತ್ತನೆ ಬೀಜದ ವಿಷಯದಲ್ಲಿ ಸ್ಥಳೀಯ ತಳಿಯ ಪರ ವಾದಿಸುವ ನಾವು ನಾಯಿಯ ವಿಷಯದಲ್ಲೇಕೆ ಮೌನಿಗಳು?

ಹಿಡಿದು ಸಾಗಿಸಿದರಾಯಿತು ಎನ್ನುವವರಿದ್ದಾರೆ. ಒಂದೆಡೆಯ ನಾಯಿಗಳನ್ನು ಸಾಗಿಸಿದರೆ, ಅಲ್ಲಿ ಆಹಾರ ಉಳಿದಿರುವತನಕ ಬೇರೆ ನಾಯಿಗಳು ಬಂದು ಸೇರುತ್ತವೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಪ್ರಾಣಿಪ್ರಿಯರು ಬೀದಿನಾಯಿಗಳನ್ನು ದತ್ತು ಪಡೆಯಲು ಅರ್ಜಿ ಸಲ್ಲಿಸಬಹುದೆಂದಿತು. ದತ್ತು ಹೋದ ನಾಯಿ ಮರಳಿ ಬೀದಿಗೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದೇ ಎಂದೂ ಹೇಳಿತು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಸಾಕುನಾಯಿಯ ಲಸಿಕೆ ಮತ್ತು ಸಂತಾನಹರಣ ಮಾಲೀಕನ ಕರ್ತವ್ಯ, ಬೀದಿನಾಯಿಯದು ಸ್ಥಳೀಯ ಸಂಸ್ಥೆಯದು. ಬರಿಯ ಅನ್ನ ಹಾಕಿ ರಾತ್ರಿ ಬೀದಿಗೆ ಬಿಡುವುದು ದತ್ತಲ್ಲ.

ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಕ್ಯೂಪಾದಂಥ ಸಂಸ್ಥೆಗಳ ಆಶ್ರಯದಲ್ಲಿ ಮನೆಗಾಗಿ ಕಾದಿರುವ ನಾಯಿಗಳಿವೆ. ನಗರದಲ್ಲಿ ಓದುವ ವಿದ್ಯಾರ್ಥಿಗಳು ಮೊದಲು ಅಲ್ಲಿಗೆ ಹೋಗಲಿ. ಹಳ್ಳಿಯಲ್ಲಿರುವವರಿಗೆ ಊರ ಗಡಿಯೇ ಆಶ್ರಯಧಾಮ. ಅಲ್ಲಿಂದ ಹೆಣ್ಣುಮರಿಯನ್ನೇ ತನ್ನಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಪ್ರತಿವರ್ಷ ಮುಂದುವರಿಸಿ. ಪಶುವೈದ್ಯರನ್ನು ಕೇಳಿ ಸಕಾಲದಲ್ಲಿ ಸಂತಾನಹರಣ ಮಾಡಿಸಿ. ರಾತ್ರಿ ಅಂಗಳದೊಳಗೇ ಇರಿಸಿಕೊಳ್ಳಿ. ವರ್ಷಕ್ಕೊಮ್ಮೆಯಾದರೂ ಪ್ರತಿ ಹೋಬಳಿಯಲ್ಲಿ ಲಸಿಕೆ ಮತ್ತು ಶಸ್ತ್ರಚಿಕಿತ್ಸೆಯ ಶಿಬಿರ ನಡೆಯಲೇಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಯಿಸಿ. ಶಿಬಿರ ನಡೆಯುವ ದಿನ ನಿಮ್ಮ ನಾಯಿಯನ್ನು ಮೊದಲು ಕರೆತನ್ನಿ.