ನಾಲ್ಕು ಸಿಲಿಂಡರಿಗೆ ಒಂದೇ ಟರ್ಬೊ ಸಾಕು

ನನ್ನ ಅಣ್ಣ ಶಾರ್ಜಾದ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಒಂದು ಶುಕ್ರವಾರ ಜುಮಾ ಮುಗಿಸಿ ಫೋನ್ ಮಾಡಿದಾಗ, ಅಮ್ಮಿಯ ಆರೋಗ್ಯ ವಿಚಾರಿಸಿದ ಮೇಲೆ, ನನ್ನನ್ನು ಕರೆದು ಹೇಳಿದ: "ನೀನು ಸೈನ್ಸ್ ಓದ್ತಿದ್ದೀಯಲ್ಲ, ಒಂದು ವಿಷಯ ಹೇಳು. ಇಲ್ಲೊಬ್ಬ ಗಿರಾಕಿ ಇದ್ದಾನೆ. ಅವನ ಕಾರು ನಾಲ್ಕು ಸಿಲಿಂಡರಿನ 2 ಲೀಟರ್ ಪೆಟ್ರೋಲ್ ಎಂಜಿನ್. ಈಗ ಒಂದು ಟರ್ಬೊ ಇದೆ. ಅದನ್ನು ತೆಗೆದು ಎರಡು ಟರ್ಬೊ ಹಾಕು, ಸೀಕ್ವೆನ್ಷಿಯಲ್ ಮಾಡು ಅಂತಾನೆ. ಬೇಡ ಅನ್ನೋದು ನನ್ನ ಕೈಗೆ ಗೊತ್ತು. ಆದರೆ ಯಾಕೆ ಬೇಡ ಅಂತ ಬಾಯಲ್ಲಿ ಹೇಳೋಕೆ ಬರಲ್ಲ."

ನಮ್ಮ ಕಾಲೇಜಿನಲ್ಲೂ ಈ ವಾದ ನಡೆಯುತ್ತಲೇ ಇರುತ್ತದೆ. ಒಂದಕ್ಕಿಂತ ಎರಡು ಮೇಲು ಎಂಬುದು ನಮ್ಮ ಬೆಂಚಿನವರ ಪಕ್ಕಾ ನಂಬಿಕೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಣ್ಣನಿಗೆ ಉತ್ತರ ಕೊಡಬೇಕೆಂದು ಎರಡು ವಾರ ಕೂತು ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಟರ್ಬೊ ಕೆಲಸ ಸರಳ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಶಕ್ತಿ ಹೆಚ್ಚುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಚಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತವೆ.

ತೊಂದರೆ ಇರುವುದು ಚಕ್ರದ ಗಾತ್ರದಲ್ಲಿ. ಪ್ರಥಮ ಪಿಯುಸಿಯಲ್ಲಿ ಮೊಮೆಂಟ್ ಆಫ್ ಇನರ್ಷಿಯಾ ಓದಿದ್ದು ನೆನಪಿರಬಹುದು. ಒಂದೇ ಆಕಾರ, ಒಂದೇ ಲೋಹದ ಚಕ್ರವನ್ನು ಎಲ್ಲ ಅಳತೆಯಲ್ಲೂ ದೊಡ್ಡದು ಮಾಡಿದರೆ ಅದರ ಮೊಮೆಂಟ್ ಆಫ್ ಇನರ್ಷಿಯಾ ತ್ರಿಜ್ಯದ ಐದನೇ ಘಾತದಂತೆ ಏರುತ್ತದೆ. ಅಂದರೆ ಚಕ್ರ 20 ಶೇಕಡಾ ದೊಡ್ಡದಾದರೆ ಅದನ್ನು ತಿರುಗಿಸುವ ಕಷ್ಟ ಸುಮಾರು ಎರಡೂವರೆ ಪಟ್ಟು. ಅದಕ್ಕೇ ದೊಡ್ಡ ಟರ್ಬೊ ಎಚ್ಚರಗೊಳ್ಳುವುದು ತಡ. ಆಕ್ಸಿಲರೇಟರ್ ಒತ್ತಿ ಕಾಯಬೇಕು. ಇದನ್ನೇ ಟರ್ಬೊ ಲ್ಯಾಗ್ ಎನ್ನುವುದು. ಚಿಕ್ಕ ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ, ಆದರೆ ಎಂಜಿನ್ ವೇಗ ಹೆಚ್ಚಿದಾಗ ಬೇಕಾದಷ್ಟು ಗಾಳಿ ಕೊಡಲಾರದು.

ಸೀಕ್ವೆನ್ಷಿಯಲ್ ಎಂಬುದು ಇದಕ್ಕೆ ಹುಡುಕಿದ ಒಂದು ಪರಿಹಾರ. ಕಡಿಮೆ ವೇಗದಲ್ಲಿ ಹೊಗೆಯೆಲ್ಲ ಮೊದಲ ಟರ್ಬೊಗೆ ಹೋಗುತ್ತದೆ, ವೇಗ ಹೆಚ್ಚಿದ ಮೇಲೆ ವಾಲ್ವ್ ತೆರೆದು ಎರಡನೆಯದೂ ಸೇರಿಕೊಳ್ಳುತ್ತದೆ. ಪೋರ್ಷೆ 959, 1993ರ ಟೊಯೋಟಾ ಸುಪ್ರಾ ಎರಡರಲ್ಲೂ ಇದೇ ವ್ಯವಸ್ಥೆ ಇತ್ತು. ಆದರೆ ಅವೆರಡೂ ಆರು ಸಿಲಿಂಡರಿನ ಕಾರುಗಳು. ಸುಪ್ರಾ ಎಂಜಿನ್ 3 ಲೀಟರಿನದು, ಅದರಿಂದ ಬರುವ ಹೊಗೆಯ ಪ್ರಮಾಣವೇ ಬೇರೆ. 2 ಲೀಟರಿನ ಎಂಜಿನ್ನಿಗೆ ಎರಡು ಟರ್ಬೊ ಹಾಕುವುದು, ಇದ್ದ ಒಂದು ಬಾವಿಯ ನೀರನ್ನೇ ಎರಡು ಕಾಲುವೆಗೆ ಬಿಟ್ಟ ಹಾಗೆ.

ನಾಲ್ಕು ಸಿಲಿಂಡರಿನಲ್ಲಿ ಇದನ್ನು ಮಾಡಿ ನೋಡಿದವರೂ ಇದ್ದಾರೆ. ಜಪಾನಿನ ಸುಬಾರು ಕಂಪನಿ 1993ರಿಂದ ತನ್ನ ಲೆಗಸಿ ಕಾರಿನ 2 ಲೀಟರ್ ಎಂಜಿನ್ನಿಗೆ ಸೀಕ್ವೆನ್ಷಿಯಲ್ ಟರ್ಬೊ ಹಾಕಿತು. ಮುಂದೆ ಅದರ ಶಕ್ತಿ 280 ಅಶ್ವಶಕ್ತಿಗೆ ಏರಿತು. ಕಾಗದದ ಮೇಲೆ ಅದ್ಭುತ. ಆದರೆ ಒಂದು ಟರ್ಬೊ ಇನ್ನೊಂದಕ್ಕೆ ಕೆಲಸ ಒಪ್ಪಿಸುವ ಹೊತ್ತಿನಲ್ಲಿ, ಸುಮಾರು 4000 ಆರ್‌ಪಿಎಂ ದಾಟುವಾಗ, ಎಳೆತ ತಟ್ಟನೆ ಕುಸಿಯುತ್ತಿತ್ತು. ಓಡಿಸುವವರು ಅದಕ್ಕೆ 'ಸಾವಿನ ಕಣಿವೆ' ಎಂದೇ ಹೆಸರಿಟ್ಟರು. 2003ರಲ್ಲಿ ಹೊಸ ಲೆಗಸಿ ಬಂದಾಗ ಸುಬಾರು ಎರಡು ಟರ್ಬೊ ಬಿಟ್ಟು ಒಂದೇ ಟ್ವಿನ್ ಸ್ಕ್ರೋಲ್ ಟರ್ಬೊಗೆ ಮರಳಿತು. ಹತ್ತು ವರ್ಷ ಮಾಡಿ ನೋಡಿದವರೇ ವಾಪಸ್ ಬಂದರು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಟ್ವಿನ್ ಸ್ಕ್ರೋಲ್ ಎಂದರೆ ಟರ್ಬೊ ಒಂದೇ, ಹೊಗೆ ಒಳಬರುವ ದಾರಿ ಎರಡು. ಸಾಮಾನ್ಯ ನಾಲ್ಕು ಸಿಲಿಂಡರ್ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-4-2. ಒಂದರ ಹೊಗೆ ಇನ್ನೂ ಹೊರಹೋಗುತ್ತಿರುವಾಗಲೇ ಮುಂದಿನದರ ಹೊಗೆ ಬಂದು ಅದಕ್ಕೆ ಅಡ್ಡಬೀಳುತ್ತದೆ. 1 ಮತ್ತು 4ನ್ನು ಒಂದು ದಾರಿಗೆ, 2 ಮತ್ತು 3ನ್ನು ಇನ್ನೊಂದಕ್ಕೆ ಹಾಕಿದರೆ ಪ್ರತಿ ದಾರಿಯಲ್ಲೂ ಎರಡು ಸಿಲಿಂಡರುಗಳ ನಡುವೆ ಕ್ರ್ಯಾಂಕ್ ಶಾಫ್ಟಿನ ಒಂದು ಪೂರ್ತಿ ಸುತ್ತಿನ ಅಂತರ ಸಿಗುತ್ತದೆ. ತಳ್ಳಾಟ ತಪ್ಪುತ್ತದೆ, ಟರ್ಬೊ ಬೇಗ ಎಚ್ಚರಗೊಳ್ಳುತ್ತದೆ. 2019ರಲ್ಲಿ ಬಂದ ಮರ್ಸಿಡಿಸ್ ಎಎಂಜಿ ಎ45 ಎಸ್ ಕಾರಿನ 2 ಲೀಟರ್ ಎಂಜಿನ್ 421 ಅಶ್ವಶಕ್ತಿ ಕೊಟ್ಟದ್ದು ಇಂಥ ಒಂದೇ ಟರ್ಬೊದಿಂದ.

ಹಾಗಾದರೆ ಎರಡು ಟರ್ಬೊ ಎಲ್ಲಿಯೂ ಬೇಡವೇ? ಹಾಗೆ ಹೇಳಿದರೆ ತಪ್ಪಾಗುತ್ತದೆ. 2007ರ ಬಿಎಂಡಬ್ಲ್ಯು 123ಡಿ ನಾಲ್ಕು ಸಿಲಿಂಡರಿನ ಡೀಸೆಲ್ ಕಾರು. 2 ಲೀಟರಿಗೆ ಎರಡು ಟರ್ಬೊ, 204 ಅಶ್ವಶಕ್ತಿ. ಡೀಸೆಲ್ ಎಂಜಿನ್ ಓಡುವ ವೇಗದ ವ್ಯಾಪ್ತಿ ಕಡಿಮೆ, ಅದಕ್ಕೆ ಗಾಳಿಯ ಒತ್ತಡ ಹೆಚ್ಚು ಬೇಕು. ಅಲ್ಲಿ ಎರಡಕ್ಕೆ ಅರ್ಥವಿದೆ. ಅದಕ್ಕಿಂತ ಮುಖ್ಯವಾಗಿ, ಆ ವಾಲ್ವ್, ಪೈಪು, ಕಂಪ್ಯೂಟರ್ ಎಲ್ಲವನ್ನೂ ಕಾರ್ಖಾನೆಯವರು ಒಟ್ಟಿಗೆ ಕೂಡಿಸಿ, ಪರೀಕ್ಷೆ ಮಾಡಿ ಕೊಟ್ಟಿದ್ದಾರೆ. ಗ್ಯಾರೇಜಿನಲ್ಲಿ ಅಷ್ಟನ್ನೂ ಹೊಸದಾಗಿ ಹೊಂದಿಸಬೇಕೆಂದರೆ ಕೆಡಲು ಎರಡು ಪಟ್ಟು ಸಾಮಾನು ಸೇರಿಸಿದಂತೆ. ಒಂದು ವ್ಯಾಕ್ಯೂಮ್ ಪೈಪು ಬಿರುಕು ಬಿಟ್ಟರೂ ವಾಲ್ವ್ ಹೊತ್ತಿಗೆ ಸರಿಯಾಗಿ ತೆರೆಯುವುದಿಲ್ಲ.

ಇಲ್ಲಿಯ ಗೆಳೆಯರಿಗೂ ಒಂದು ಮಾತು. ನಮ್ಮ ದೇಶದಲ್ಲಿ ಆರ್‌ಸಿಯಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹಾಗೆನ್ನುತ್ತದೆ. ವಿಡಿಯೊ ನೋಡಿ ಮನೆಯ ಕಾರಿನ ಮೇಲೆ ಕೈ ಹಾಕುವ ಮುನ್ನ ಇದು ನೆನಪಿರಲಿ.

ಇಷ್ಟನ್ನೂ ಅಣ್ಣನಿಗೆ ಹೇಳಿದೆ. ಮಾರನೆಯ ದಿನ ಅವನು ಗಿರಾಕಿಗೆ ವಿವರಿಸಿದ: ಒಂದೇ ಒಳ್ಳೆಯ ಟ್ವಿನ್ ಸ್ಕ್ರೋಲ್ ಟರ್ಬೊ, ಅದಕ್ಕೆ ತಕ್ಕ ಮ್ಯಾನಿಫೋಲ್ಡ್ ಮತ್ತು ಇಂಟರ್‌ಕೂಲರ್ ಹಾಕಿಸಿ, ಖರ್ಚೂ ಕಡಿಮೆ, ಕಾರೂ ಬಾಳುತ್ತದೆ. ಗಿರಾಕಿಗೆ ಬೇಕಾಗಿದ್ದು ಗೆಳೆಯರ ಮುಂದೆ ಬಾನೆಟ್ ಎತ್ತಿ ತೋರಿಸಲು ಎರಡು ಟರ್ಬೊ. "ನಿಮಗೆ ಬರಲ್ಲ ಅಂತ ಹೇಳಿ" ಎಂದು ಗಾಡಿ ತೆಗೆದುಕೊಂಡು ಬೇರೆ ಗ್ಯಾರೇಜಿಗೆ ಹೋದನಂತೆ. ದೊಡ್ಡ ಕೆಲಸ ಕೈತಪ್ಪಿತು. ಮಾಲೀಕರು ಎರಡು ದಿನ ಅಣ್ಣನ ಹತ್ತಿರ ಮಾತಾಡಲಿಲ್ಲ.

ನನಗೆ ಬೇಸರವಾಯಿತು. "ಭಾಯಿ, ನಾನು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತಲ್ವಾ?" ಎಂದೆ. ಅಣ್ಣ ನಕ್ಕ. "ಆರು ತಿಂಗಳಲ್ಲಿ ಕೆಡುತ್ತೆ ಅಂತ ಗೊತ್ತಿದ್ದೂ ಹಾಕಿ ಕೊಟ್ಟಿದ್ದರೆ, ಆ ದುಡ್ಡನ್ನು ಅಮ್ಮಿಗೆ ಹೇಗೆ ಕಳಿಸಲಿ?" ಎಂದ.

ತೂಕದಲ್ಲಿ ಮೋಸ ಮಾಡಬಾರದು ಎಂದು ನಾವು ಚಿಕ್ಕಂದಿನಿಂದ ಮದರಸಾದಲ್ಲಿ ಕಲಿಯುತ್ತೇವೆ. ಅದನ್ನು ಅಕ್ಕಿ, ಸಕ್ಕರೆ ಅಂಗಡಿಯ ಮಾತು ಎಂದುಕೊಂಡಿದ್ದೆ. ಗಿರಾಕಿಗೆ ಬೇಡದ್ದನ್ನು ಬೇಡ ಎಂದು ಹೇಳುವುದೂ ಅದೇ ಪಾಠ ಎಂದು ಈಗ ತಿಳಿಯಿತು. ಹಾಗೆ ಧೈರ್ಯವಾಗಿ ಹೇಳಬೇಕಾದರೆ ವಿಷಯ ಸರಿಯಾಗಿ ಗೊತ್ತಿರಬೇಕು. ನಮ್ಮಲ್ಲಿ ಅನೇಕರು ಮುಂದೆ ಎಂಜಿನಿಯರ್, ಡಾಕ್ಟರ್, ವ್ಯಾಪಾರಿ ಆಗುವವರು. ನಮ್ಮ ಮುಂದೆಯೂ ಎರಡು ಬೇಕು ಎಂದು ಹಟ ಹಿಡಿಯುವವರು ಬಂದು ನಿಲ್ಲುತ್ತಾರೆ. ಆ ದಿನಕ್ಕಾದರೂ ಫಿಸಿಕ್ಸ್ ಪುಸ್ತಕವನ್ನು ಪರೀಕ್ಷೆಗಿಂತ ಸ್ವಲ್ಪ ಹೆಚ್ಚು ಓದೋಣ.