ಪನ್‌ಚಕ್ಕಿಯ ಮುಂದೆ ನೆನಪಾದ ಪ್ರಶ್ನೆ

ಬೋಧನಾಭ್ಯಾಸದ ಮೊದಲ ಹಂತದಲ್ಲಿ ಒಂಬತ್ತನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಪಾಠ ಮಾಡಿದೆ. ಅಣೆಕಟ್ಟಿನ ಚಾರ್ಟ್ ತೂಗುಹಾಕಿ, ಎತ್ತರದ ನೀರು ತಗ್ಗಿಗೆ ಬೀಳುವಾಗ ಅದರ ಪ್ರಚ್ಛನ್ನ ಶಕ್ತಿ ಚಲನ ಶಕ್ತಿಯಾಗುತ್ತದೆ ಎಂದು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಎದ್ದಳು. “ನೀರು ಕೆಳಗೇ ಹರಿಯೋದಾದ್ರೆ, ನೆಲದೊಳಗಿನ ಪೈಪಿಂದ ನಮ್ಮ ನಲ್ಲಿಗೆ ಹೇಗೆ ಹತ್ತುತ್ತೆ ಮಿಸ್?” ಪಾಠ ಯೋಜನೆಯಲ್ಲಿ ಮೌಲ್ಯಮಾಪನದ ಐದು ಪ್ರಶ್ನೆ ಬಾಕಿ ಇದ್ದವು, ಗಂಟೆ ಹೊಡೆಯಲು ಎಂಟೇ ನಿಮಿಷ. “ಆಮೇಲೆ ಹೇಳ್ತೀನಿ, ಕೂತ್ಕೋ” ಎಂದೆ. ಅವಲೋಕನ ಪುಸ್ತಕದಲ್ಲಿ ‘ಸಮಯ ಪಾಲನೆ ಉತ್ತಮ’ ಎಂಬ ಷರಾ ಸಿಕ್ಕಿತು. ಆ ‘ಆಮೇಲೆ’ ಬರಲಿಲ್ಲ.

ತಿಂಗಳ ನಂತರ ಶೈಕ್ಷಣಿಕ ಪ್ರವಾಸ. ಎಲ್ಲೋರ, ದೌಲತಾಬಾದ್ ಮುಗಿಸಿ ಸಂಜೆ ಔರಂಗಾಬಾದಿನ (ಈಗಿನ ಛತ್ರಪತಿ ಸಂಭಾಜಿನಗರ) ಪನ್‌ಚಕ್ಕಿಗೆ ಹೋದೆವು. ಸೂಫಿ ಸಂತ ಬಾಬಾ ಷಾ ಮುಸಾಫಿರರ ದರ್ಗಾದ ಆವರಣ ಅದು. ಹಿಂದೆ ಅಲ್ಲಿ ಮದರಸಾ ಇತ್ತು, ಯಾತ್ರಿಕರಿಗೆ ಛತ್ರವಿತ್ತು. ಅಷ್ಟೂ ಜನರ ರೊಟ್ಟಿಗೆ ಹಿಟ್ಟು ಬೀಸಿದ್ದು ನೀರು. ಕಿಲೋಮೀಟರುಗಟ್ಟಲೆ ದೂರದ ಗುಡ್ಡದ ಬುಗ್ಗೆಯಿಂದ ಮಣ್ಣಿನ ಕೊಳವೆಗಳಲ್ಲಿ ನೆಲದಡಿ ಬರುವ ನೀರು ಇಲ್ಲಿ ಎತ್ತರದ ಗೋಡೆಯೊಳಗೆ ಮೇಲೇರಿ ಕೊಳಕ್ಕೆ ಧುಮುಕುತ್ತದೆ. ಕೆಳಗೆ ಅಲಗುಗಳ ಚಕ್ರ, ಮೇಲೆ ಬೀಸುಕಲ್ಲು, ನಡುವೆ ಅಚ್ಚು. ಮೋಟಾರಿಲ್ಲ. ಬುಗ್ಗೆ ಗೋಡೆಗಿಂತ ಎತ್ತರದಲ್ಲಿದೆ, ಕೊಳವೆ ಮುಚ್ಚಿಕೊಂಡಿದೆ. ಹಾಗಾಗಿ ನಡುವೆ ಎಷ್ಟೇ ತಗ್ಗಿಗಿಳಿದರೂ ನೀರು ತಾನು ಹೊರಟ ಮಟ್ಟದ ಹತ್ತಿರಕ್ಕೆ ಮತ್ತೆ ಏರುತ್ತದೆ. ಆ ಹುಡುಗಿ ಕೇಳಿದ್ದು ಇದನ್ನೇ! ಒಂದು ಲೀಟರ್ ನೀರು 6 ಮೀಟರ್ ಬಿದ್ದರೆ ಸುಮಾರು 60 ಜೌಲ್ ಎಂದು ನಿಂತಲ್ಲೇ ಲೆಕ್ಕ ಹಾಕಿದೆ. ಈ ಲೆಕ್ಕವನ್ನು ನಾನು ಹತ್ತು ಸಲವಾದರೂ ಮಾಡಿದ್ದೇನೆ, ಆದರೆ ಹಿಟ್ಟಿನ ಜೊತೆ ಜೋಡಿಸಿದ್ದು ಅದೇ ಮೊದಲು. ಅಷ್ಟರಲ್ಲಿ ಬಸ್ಸಿನ ಹಾರನ್. ನಮಗೆ ಅಲ್ಲಿ ಸಿಕ್ಕಿದ್ದು ಇಪ್ಪತ್ತು ನಿಮಿಷ, ಅದರಲ್ಲೂ ಅರ್ಧ ಗ್ರೂಪ್ ಫೋಟೋಕ್ಕೆ.

ಪ್ರವಾಸದ ವರದಿಗೆ ಅಂಕವಿದೆ. ನೋಡಿದ ಸ್ಥಳಗಳ ಪಟ್ಟಿ, ನಾಲ್ಕು ಫೋಟೋ ಅಂಟಿಸಿದರೆ ಮುಗಿಯಿತು. ಇದಕ್ಕೆ ನನ್ನ ತಕರಾರಿದೆ. ಪ್ರವಾಸವನ್ನು ಎರಡು ಹಂತದ ಬೋಧನಾಭ್ಯಾಸದ ನಡುವೆ ಇಟ್ಟು, ಮೊದಲ ಹಂತದಲ್ಲಿ ಮಕ್ಕಳು ಕೇಳಿ ನಾವು ಉತ್ತರಿಸದ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಹೋಗುವಂತಾಗಲಿ. ವರದಿಯೆಂದರೆ ಅವಕ್ಕೆ ಉತ್ತರ. ಪಾಠ ಯೋಜನೆಯ ನಮೂನೆಯಲ್ಲಿ ‘ವಿದ್ಯಾರ್ಥಿ ಚಟುವಟಿಕೆ’ ಎಂಬ ಅಂಕಣವನ್ನು ಪಾಠಕ್ಕೆ ಮೊದಲೇ ನಾವೇ ತುಂಬುತ್ತೇವೆ, ಮಗು ಏನು ಹೇಳಬೇಕೆಂಬುದೂ ಸೇರಿ! ಮಗು ನಿಜವಾಗಿ ಕೇಳಿದ್ದನ್ನು ಬರೆಯಲು ಒಂದು ಖಾಲಿ ಸಾಲಾದರೂ ಬೇಡವೇ? ಸಮಯ ಸಾಲದು ಎಂದು ಮಾರ್ಗದರ್ಶಕರು ಹೇಳಬಹುದು. ನಿಜ. ಐದು ಪ್ರಶ್ನೆಗಳ ಬದಲು ಮೂರು ಕೇಳೋಣ.

ಎರಡನೇ ಹಂತಕ್ಕೆ ಅದೇ ಶಾಲೆ ಸಿಕ್ಕಿತು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನ ತುಂಡೊಂದನ್ನು ಒಯ್ದು, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಎತ್ತಿದಳು, ಇಳಿಸಿದಳು. ಎರಡೂ ಕಡೆ ನೀರು ಸಮನಾಗಿ ನಿಂತಿತು. “ಇದು ನಮ್ಮಪ್ಪನ ಹತ್ರಾನೂ ಇದೆ ಮಿಸ್, ಇನ್ನೂ ಉದ್ದದ್ದು” ಎಂದಳು.